ಫಾರ್ವರ್ಡ್ ಒತ್ತುವ ಮುನ್ನ: ಗಾಳಿಸುದ್ದಿ, ಸುಳ್ಳು ಪ್ರಚಾರ ಪತ್ತೆ ಹಚ್ಚುವ ಸಮಗ್ರ ಮಾರ್ಗದರ್ಶಿ

2012ರ ಆಗಸ್ಟ್ ನಡುವಿನಲ್ಲಿ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೆಕ್ಯುರಿಟಿ ಗಾರ್ಡುಗಳು, ಹೋಟೆಲ್ ಕೆಲಸಗಾರರು, ಕಾಲೇಜು ಹುಡುಗ ಹುಡುಗಿಯರು, ಹೀಗೆ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ಗುವಾಹಟಿಯ ರೈಲಿಗೆ ಕಾದು ನಿಂತಿದ್ದರು. ರಂಜಾನ್ ಮುಗಿದ ಕೂಡಲೇ ನಿಮ್ಮ ಮೇಲೆ ದಾಳಿ ನಡೆಯುತ್ತದೆ ಎಂಬ ಎಸ್ಸೆಮ್ಮೆಸ್ಸುಗಳು ಅವರ ಮೊಬೈಲಿಗೆ ಬಂದಿದ್ದವು. ರೈಲ್ವೆಯವರು ವಿಶೇಷ ರೈಲು ಬಿಡಬೇಕಾಯಿತು. ಒಮ್ಮೆಗೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸದಂತೆ ಕೇಂದ್ರ ಸರ್ಕಾರ 15 ದಿನ ತಡೆ ಹಾಕಿತು. ಆ ಸಂದೇಶಗಳು ಹೇಳಿದ ಸಾಮೂಹಿಕ ದಾಳಿ ಬೆಂಗಳೂರಿನಲ್ಲಿ ನಡೆಯಲೇ ಇಲ್ಲ.

ಹಾಗಾದರೆ ಅಷ್ಟು ಜನ ನಂಬಿದ್ದೇಕೆ? ಅದಕ್ಕೆ ಹಿಂದಿನ ತಿಂಗಳು ಅಸ್ಸಾಮಿನ ಕೊಕ್ರಾಝಾರ್‌ನಲ್ಲಿ ಬೋಡೊ ಸಮುದಾಯ ಮತ್ತು ಮುಸ್ಲಿಮರ ನಡುವೆ ನಿಜವಾಗಿಯೂ ಹಿಂಸೆ ನಡೆದಿತ್ತು, ಜನ ಸತ್ತಿದ್ದರು. ಆ ದಿನಗಳಲ್ಲೇ ಇನ್ನೊಂದು ಕಡೆಯವರನ್ನು ಕೆರಳಿಸುವ ಚಿತ್ರಗಳೂ ಹರಿದಾಡುತ್ತಿದ್ದವು. ಶವಗಳ ರಾಶಿಯ ನಡುವೆ ಬೌದ್ಧ ಭಿಕ್ಷುಗಳು ನಿಂತ ಒಂದು ಚಿತ್ರಕ್ಕೆ ಬರ್ಮಾದಲ್ಲಿ ಮುಸ್ಲಿಮರ ಹತ್ಯಾಕಾಂಡ ಎಂಬ ಅಡಿಬರಹ ಹಾಕಲಾಗಿತ್ತು. ಅಸಲಿಗೆ ಅದು 2010ರಲ್ಲಿ ಚೀನಾದ ಯೂಶೂ ಭೂಕಂಪದಲ್ಲಿ ಸತ್ತವರ ಅಂತ್ಯಕ್ರಿಯೆಗೆ ನಿಂತ ಟಿಬೆಟನ್ ಭಿಕ್ಷುಗಳ ಚಿತ್ರ. ಚಿತ್ರ ಅಪ್ಪಟ ಅಸಲಿ, ಅಡಿಬರಹ ಮಾತ್ರ ಸುಳ್ಳು.

ಈ ಬರಹ ಪೂರ್ತಿ ನಿಂತಿರುವುದು ಅದರ ಮೇಲೆ. ಒಳ್ಳೆಯ ಸುಳ್ಳನ್ನು ಯಾರೂ ಶೂನ್ಯದಿಂದ ಹೆಣೆಯುವುದಿಲ್ಲ. ನಿಜದ ಒಂದು ತುಂಡು ತಂದು, ಅದರ ಊರು, ದಿನ ಇಲ್ಲವೇ ಕೊನೆಯನ್ನು ಬದಲಾಯಿಸುತ್ತಾರೆ. ಆದ್ದರಿಂದ "ಈ ವಿಡಿಯೊ ನಿಜವೋ ಸುಳ್ಳೋ" ಎಂದು ಕೇಳಿಕೊಂಡರೆ ಮೋಸ ಹೋಗುತ್ತೀರಿ. "ಇದು ಯಾವಾಗಿನದು, ಎಲ್ಲಿಯದು, ಏನನ್ನು ಕತ್ತರಿಸಿದ್ದಾರೆ" ಎಂದು ಕೇಳಬೇಕು.

ಹಂತ 1: ಮೈ ಬಿಸಿಯಾದರೆ ಕೈ ತಡೆಯಿರಿ

ಓದಿದ ಕೂಡಲೇ ಕೋಪ, ಭಯ, "ನಾನು ಆಗಲೇ ಹೇಳಿರಲಿಲ್ವಾ" ಎಂಬ ಖುಷಿ, ಈ ಮೂರರಲ್ಲಿ ಒಂದು ಉಕ್ಕಿತೆಂದರೆ ಫೋನ್ ಕೆಳಗಿಡಿ. ಮೂರನೆಯದೇ ಹೆಚ್ಚು ಅಪಾಯ, ಯಾಕೆಂದರೆ ನಮ್ಮ ಮನಸ್ಸಿಗೆ ಹಿತವಾದದ್ದನ್ನು ನಾವು ಯಾರೂ ಪರೀಕ್ಷಿಸುವುದಿಲ್ಲ. ಟ್ವಿಟರ್‌ನಲ್ಲಿ ಹರಿದಾಡಿದ ಸುಮಾರು 1,26,000 ಸುದ್ದಿಗಳನ್ನು ಎಂಐಟಿ ಸಂಶೋಧಕರು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸುಳ್ಳು ಸುದ್ದಿ ಮರುಹಂಚಿಕೆಯಾಗುವ ಸಾಧ್ಯತೆ ನಿಜಸುದ್ದಿಗಿಂತ ಶೇ 70ರಷ್ಟು ಹೆಚ್ಚು. ಅದಕ್ಕೆ ಮುಖ್ಯ ಕಾರಣ ಯಂತ್ರಗಳಲ್ಲ, ಮನುಷ್ಯರೇ ಎಂದೂ ಅವರು ಕಂಡುಕೊಂಡರು. "ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು" ಎನ್ನುವವರು ಎಲ್ಲ ಕಾಲದಲ್ಲೂ ಇದ್ದರು, ಈಗ ಅವರ ಕೈಗೆ ಫಾರ್ವರ್ಡ್ ಬಟನ್ ಸಿಕ್ಕಿದೆ, ಅಷ್ಟೇ.

ಹಂತ 2: ಸಂದೇಶವನ್ನು ಒಂದು ವಾಕ್ಯಕ್ಕೆ ಇಳಿಸಿ

ಆಶ್ಚರ್ಯಚಿಹ್ನೆ, ಕೆಂಪು ಗುಲಾಬಿ, "ದಯವಿಟ್ಟು ಎಲ್ಲರಿಗೂ ತಲುಪಿಸಿ" ಎಲ್ಲವನ್ನೂ ತೆಗೆದುಹಾಕಿ. ಯಾರು, ಏನು, ಎಲ್ಲಿ, ಎಂದು? ಈ ನಾಲ್ಕಕ್ಕೂ ಉತ್ತರ ಸಿಗುತ್ತದೆಯೇ ನೋಡಿ.

ಬಹಳಷ್ಟು ಫಾರ್ವರ್ಡುಗಳಲ್ಲಿ ದಿನಾಂಕವೇ ಇರುವುದಿಲ್ಲ. "ನಿನ್ನೆ ರಾತ್ರಿ", "ಇವತ್ತು ಬೆಳಿಗ್ಗೆ", "ಈಗ ತಾನೇ ಬಂದ ಸುದ್ದಿ" ಎಂದಿರುತ್ತದೆ. ಹಾಗೆ ಬರೆದದ್ದಕ್ಕೆ ವಯಸ್ಸಾಗುವುದಿಲ್ಲ. ಮೂರು ವರ್ಷ ಬಿಟ್ಟು ಬಂದರೂ ಅದು ನಿನ್ನೆ ರಾತ್ರಿಯದೇ. ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ಗುಂಪುಗಳಲ್ಲಿ ಓಡಾಡುವ "ನಾಳೆ ಶಾಲೆಗಳಿಗೆ ರಜೆ" ಆದೇಶವನ್ನೇ ತೆಗೆದುಕೊಳ್ಳಿ. ಕೆಲವೊಮ್ಮೆ ಅದು ನಕಲಿಯೂ ಅಲ್ಲ, ಹಿಂದಿನ ವರ್ಷದ ಅಸಲಿ ಆದೇಶ. ದಿನಾಂಕದ ಭಾಗ ಮಾತ್ರ ಕತ್ತರಿಸಿ ಹೋಗಿರುತ್ತದೆ. ಮಕ್ಕಳಿಗೆ ಈ ವಿದ್ಯೆ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ರಜೆ ನಿಜವೇ ಎಂದು ಪತ್ತೆ ಮಾಡಲು ಅವರಿಗೆ ಎಲ್ಲಿಲ್ಲದ ಆಸಕ್ತಿ.

ಹೆಸರಿಲ್ಲದ ಸಾಕ್ಷಿಗಳನ್ನೂ ಗಮನಿಸಿ. "ಒಬ್ಬ ಹಿರಿಯ ವೈದ್ಯರು", "ನಾಸಾ ವಿಜ್ಞಾನಿಗಳು", "ನಮ್ಮ ಪರಿಚಯದ ಪೊಲೀಸ್ ಅಧಿಕಾರಿ". ಅಂತೆಕಂತೆಗಳು ಇಂಥವರ ಹೆಗಲ ಮೇಲೆಯೇ ಕೂತು ಬರುವುದು.

ವಾಟ್ಸಾಪಿನ ಬಾಣದ ಗುರುತನ್ನೂ ನೋಡಿ. ಒಂದು ಬಾಣವಿದ್ದರೆ ಕಳಿಸಿದವರು ಬರೆದದ್ದಲ್ಲ. ಜೋಡಿ ಬಾಣವಿದ್ದರೆ ಕನಿಷ್ಠ ಐದು ಕೈ ದಾಟಿ ಬಂದದ್ದು. ಅಂಥದ್ದನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸುವಂತೆ ಕಂಪನಿ 2020ರ ಏಪ್ರಿಲ್‌ನಲ್ಲಿ ಕಡಿವಾಣ ಹಾಕಿತು. ಆದರೆ ಕಾಪಿ ಮಾಡಿ ಅಂಟಿಸಿದರೆ ಬಾಣ ಮಾಯವಾಗುತ್ತದೆ. ಬಾಣವಿಲ್ಲ ಎಂದ ಮಾತ್ರಕ್ಕೆ ಮಾವನೇ ಕೂತು ಬರೆದರು ಎಂದುಕೊಳ್ಳಬೇಡಿ.

ಹಂತ 3: ಸಂದೇಶದಿಂದ ಹೊರಗೆ ಬನ್ನಿ

ನಾವು ಮಾಡುವ ದೊಡ್ಡ ತಪ್ಪು, ಸಂದೇಶವನ್ನೇ ಮತ್ತೆ ಮತ್ತೆ ಓದುತ್ತಾ ಕೂರುವುದು. ಭಾಷೆ ಚೆನ್ನಾಗಿದೆ, ಅಂಕಿಅಂಶ ಇದೆ, ಲೋಗೊ ಇದೆ, ಹಾಗಾಗಿ ನಿಜವಿರಬೇಕು ಎನ್ನಿಸುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇತಿಹಾಸ ಪ್ರಾಧ್ಯಾಪಕರು, ವಿದ್ಯಾರ್ಥಿಗಳು ಮತ್ತು ಸುದ್ದಿಯ ಸತ್ಯಾಸತ್ಯ ಪರಿಶೀಲಿಸುವ ವೃತ್ತಿಪರ ಫ್ಯಾಕ್ಟ್‌ಚೆಕರ್‌ಗಳಿಗೆ ಒಂದೇ ವೆಬ್‌ಸೈಟುಗಳನ್ನು ತೋರಿಸಿದಾಗ ಪ್ರಾಧ್ಯಾಪಕರಲ್ಲೂ ಹಲವರು ಮೋಸಹೋದರು. ಅವರು ಪುಟದೊಳಗೇ ಉಳಿದು ಮೇಲಿಂದ ಕೆಳಗೆ ಓದುತ್ತಾ ಹೋದರು. ಫ್ಯಾಕ್ಟ್‌ಚೆಕರ್‌ಗಳು ಅರೆಗಳಿಗೆಯಲ್ಲಿ ಪುಟ ಬಿಟ್ಟು, ಬೇರೆ ಟ್ಯಾಬ್ ತೆರೆದು, "ಇವರ ಬಗ್ಗೆ ಉಳಿದವರು ಏನು ಹೇಳುತ್ತಾರೆ" ಎಂದು ಹುಡುಕಿದರು.

ನೀವೂ ಹಾಗೇ ಮಾಡಿ. ಒಂದು ವಾಕ್ಯಕ್ಕೆ ಇಳಿಸಿದ್ದಿರಲ್ಲ, ಅದರ ಮೂರ್ನಾಲ್ಕು ಮುಖ್ಯ ಪದಗಳನ್ನು ಗೂಗಲ್‌ನಲ್ಲಿ ಹಾಕಿ. ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ, ಸಾಧ್ಯವಾದರೆ ಹಿಂದಿಯಲ್ಲಿ ಇಲ್ಲವೇ ತೆಲುಗಿನಲ್ಲೂ ಒಮ್ಮೆ. ಕನ್ನಡದಲ್ಲಿ ಓಡಾಡುವ ಫಾರ್ವರ್ಡುಗಳಲ್ಲಿ ಎಷ್ಟೋ ಬೇರೆ ಭಾಷೆಯಿಂದ ಬಂದವು. ಊರಿನ ಹೆಸರು ಮಾತ್ರ ನಮ್ಮದು. ಅಲ್ಲಿ ಅದು ಸುಳ್ಳೆಂದು ಹಿಂದೆಯೇ ಬಯಲಾಗಿದ್ದರೂ ಇಲ್ಲಿ ಹೊಸದಾಗಿ ಬಾಳುತ್ತಿರುತ್ತದೆ. ಬೂಮ್, ಆಲ್ಟ್ ನ್ಯೂಸ್, ಫ್ಯಾಕ್ಟ್ಲಿ ಇಂಥವನ್ನು ಪರಿಶೀಲಿಸುತ್ತವೆ. ನ್ಯೂಸ್‌ಚೆಕರ್‌ಗೆ ಕನ್ನಡ ಆವೃತ್ತಿಯೇ ಇದೆ. ಕೇಂದ್ರ ಸರ್ಕಾರದ ಯೋಜನೆ, ಆದೇಶಗಳ ವಿಷಯಕ್ಕೆ ಅದರದೇ ವಾರ್ತಾ ಸಂಸ್ಥೆಯಾದ ಪಿಐಬಿಯ ಫ್ಯಾಕ್ಟ್‌ಚೆಕ್ ನೋಡಬಹುದು. ಅದು ಸರ್ಕಾರವೇ ತನ್ನ ಬಗ್ಗೆ ಹೇಳುವ ಮಾತು ಎಂಬುದು ನೆನಪಿರಲಿ. ಆದೇಶ ಇದೆಯೋ ಇಲ್ಲವೋ ಎಂದು ತಿಳಿಯಲು ಅದು ಸಾಕು, ಆದೇಶ ಒಳ್ಳೆಯದೇ ಎಂದು ತೀರ್ಮಾನಿಸಲು ಸಾಲದು.

ಇವೆಲ್ಲಕ್ಕಿಂತ ಬಲವಾದ ಉಪಕರಣ ಒಂದಿದೆ: ಆ ಊರಿಗೆ ಒಂದು ಫೋನ್. ಶಿರಸಿಯಲ್ಲಿ ಹೀಗಾಯಿತಂತೆ ಎಂದು ಬಂದರೆ ಶಿರಸಿಯಲ್ಲಿರುವ ಪರಿಚಯದವರನ್ನು ಕೇಳಿ. ದುಬೈಯಲ್ಲೋ ಡಲ್ಲಾಸ್‌ನಲ್ಲೋ ಕೂತು ಊರಿನ ಸುದ್ದಿಗೆ ಹಪಹಪಿಸುವವರಿಗಂತೂ ಇದನ್ನು ಒತ್ತಿ ಹೇಳಬೇಕು.

ಹಂತ 4: ಚಿತ್ರ, ವಿಡಿಯೊ ಪರೀಕ್ಷೆ

ಚಿತ್ರವನ್ನು ಉಳಿಸಿಕೊಳ್ಳಿ. ಅದರ ಮೇಲೆ ಯಾರೋ ಬರೆದ ಅಕ್ಷರ, ಬಣ್ಣದ ಅಂಚು ಇದ್ದರೆ ಕ್ರಾಪ್ ಮಾಡಿ ತೆಗೆಯಿರಿ, ಇಲ್ಲದಿದ್ದರೆ ಹುಡುಕಾಟ ಅಕ್ಷರದ ಹಿಂದೆಯೇ ಹೋಗುತ್ತದೆ. ಗೂಗಲ್ ಆ್ಯಪ್‌ನ ಹುಡುಕು ಪಟ್ಟಿಯಲ್ಲಿರುವ ಕ್ಯಾಮೆರಾ ಗುರುತು ಒತ್ತಿದರೆ ಲೆನ್ಸ್ ತೆರೆಯುತ್ತದೆ, ಗ್ಯಾಲರಿಯಿಂದ ಚಿತ್ರ ಆರಿಸಿ. ಬರುವ ಫಲಿತಾಂಶಗಳಲ್ಲಿ ಮೊದಲಿನದಕ್ಕೆ ತೃಪ್ತರಾಗಬೇಡಿ, ಎಲ್ಲಕ್ಕಿಂತ ಹಳೆಯ ದಿನಾಂಕದ್ದನ್ನು ಹುಡುಕಿ. ನಿನ್ನೆಯ ಘಟನೆಯ ಚಿತ್ರ 2016ರಲ್ಲೇ ಇದ್ದರೆ ಕೆಲಸ ಮುಗಿಯಿತು. ಲೆನ್ಸ್‌ನಲ್ಲಿ ಸಿಗದಿದ್ದರೆ ಯಾಂಡೆಕ್ಸ್, ಟಿನ್‌ಐ ಪ್ರಯತ್ನಿಸಿ. ವಿಡಿಯೊ ಆದರೆ ಮೂರ್ನಾಲ್ಕು ಕಡೆ ನಿಲ್ಲಿಸಿ, ಮುಖ ಅಥವಾ ಕಟ್ಟಡ ಸ್ಪಷ್ಟವಾಗಿ ಕಾಣುವ ಜಾಗದಲ್ಲಿ ಸ್ಕ್ರೀನ್‌ಶಾಟ್ ತೆಗೆದು ಹಾಗೆಯೇ ಹುಡುಕಿ.

ಯಂತ್ರಕ್ಕೆ ಸಿಗದಿದ್ದಾಗ ನಮ್ಮ ಕಣ್ಣು ಕೆಲಸ ಮಾಡಬೇಕು, ಮತ್ತು ಇಲ್ಲಿ ಕನ್ನಡದವರಿಗೆ ಒಂದು ಅನುಕೂಲವಿದೆ. ನಮ್ಮ ಊರು ನಮಗೆ ಗೊತ್ತು. ಅಂಗಡಿಯ ಬೋರ್ಡ್ ಯಾವ ಲಿಪಿಯಲ್ಲಿದೆ? ವಾಹನದ ನಂಬರ್ ಕೆಎ 19 ಎಂದರೆ ಮಂಗಳೂರು, ಕೆಎ 38 ಎಂದರೆ ಬೀದರ್, ಎಂಎಚ್ ಎಂದರೆ ಮಹಾರಾಷ್ಟ್ರ. ಒಂದು ಗಾಡಿ ಹೊರಗಿನದಿರಬಹುದು, ಬೀದಿಯಲ್ಲಿ ನಿಂತ ಎಲ್ಲವೂ ಎಂಎಚ್ ಆಗಿದ್ದರೆ ಅದು ಕಲಬುರಗಿಯ ಬೀದಿಯಲ್ಲ. ಬಸ್ಸಿನ ಬಣ್ಣ, ನಿಗಮದ ಹೆಸರು ನೋಡಿ. ಲಾಠಿ ಬೀಸುವ ಪೊಲೀಸರ ತಲೆ ನೋಡಿ. ಕರ್ನಾಟಕದ ಕಾನ್‌ಸ್ಟೆಬಲ್‌ಗಳು 2025ರವರೆಗೂ ಅಗಲ ಅಂಚಿನ ಸ್ಲೋಚ್ ಟೋಪಿ ಹಾಕುತ್ತಿದ್ದರು. ಹಳೆಯ ವಿಡಿಯೊ ತೋರಿಸಿ ಇದು ಹುಬ್ಬಳ್ಳಿ ಎನ್ನುವವರು ಹಲವು ಸಲ ಸಿಕ್ಕಿಬೀಳುವುದು ಇಲ್ಲೇ. ಅಕ್ಷರಗಳು ತಿರುಗುಮುರುಗಾಗಿ ಕಂಡರೆ, ಕಾರಿನ ಸ್ಟೀರಿಂಗ್ ಎಡಕ್ಕಿದ್ದರೆ ವಿಡಿಯೊವನ್ನು ಕನ್ನಡಿಯಂತೆ ತಿರುಗಿಸಿರಬಹುದು, ಇಲ್ಲವೇ ಅದು ಈ ದೇಶದ್ದೇ ಅಲ್ಲ.

ಅಣೆಕಟ್ಟೆಯ ವಿಡಿಯೊಗಳಿಗೆ ಇನ್ನೂ ಸುಲಭದ ಪರೀಕ್ಷೆ ಇದೆ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ. 130 ಅಡಿ ದಾಟಿತು ಎಂದು ಯಾರಾದರೂ ಬರೆದರೆ ಮುಂದೆ ಓದಬೇಕಾಗಿಲ್ಲ. ಜಲಾಶಯಗಳ ದಿನದ ಮಟ್ಟವನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪ್ರಕಟಿಸುತ್ತದೆ, ಪತ್ರಿಕೆಗಳಲ್ಲೂ ಬರುತ್ತದೆ. ಹಾಗೆಂದು ಭಯ ಹುಟ್ಟಿಸುವ ಸುದ್ದಿಯೆಲ್ಲ ಸುಳ್ಳು ಎಂದುಕೊಳ್ಳುವುದೂ ತಪ್ಪು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ ನಿಜಕ್ಕೂ ಕೊಚ್ಚಿಹೋಯಿತು. ಪರೀಕ್ಷೆ ಬೇಕಿರುವುದು ಎರಡೂ ಕಡೆಗೆ.

ಕತ್ತರಿಸಿದ ಕೊನೆ: ಒಂದು ವಿಡಿಯೊ, ಒಂದು ಸಾವು

ಇಲ್ಲಿ ಸ್ವಲ್ಪ ನಿಲ್ಲಬೇಕು. 2018ರಲ್ಲಿ ದೇಶದ ಹಲವೆಡೆ ಮಕ್ಕಳ ಕಳ್ಳರ ಗುಲ್ಲೆದ್ದಿತು. ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಬೈಕಿನಲ್ಲಿ ಬಂದ ಇಬ್ಬರು ಎತ್ತಿಕೊಂಡು ಹೋಗುವ ಒಂದು ವಿಡಿಯೊ ಆಗ ಎಲ್ಲರ ಫೋನಿನಲ್ಲೂ ಇತ್ತು. ಅದು ಕರಾಚಿಯ ರೋಶ್ನಿ ಹೆಲ್ಪ್‌ಲೈನ್ ಎಂಬ ಸಂಸ್ಥೆಗಾಗಿ ತಯಾರಾದ ಜಾಗೃತಿ ಚಿತ್ರ. ಪೂರ್ತಿ ವಿಡಿಯೊದಲ್ಲಿ ಅದೇ ಬೈಕ್ ವಾಪಸ್ ಬರುತ್ತದೆ, ಮಗುವನ್ನು ಇಳಿಸುತ್ತದೆ, ಮಗು ಕದಿಯಲು ಒಂದು ಕ್ಷಣ ಸಾಕು ಎಂಬ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದರು.

ಆ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೆಲಸ ಹುಡುಕಿಕೊಂಡು ಬಂದಿದ್ದ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿಗೆ ಹೈದರಾಬಾದಿನಿಂದ ಸ್ನೇಹಿತನ ಊರಿಗೆಂದು ಬಂದ ಯುವಕರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅನುಮಾನಗೊಂಡ ಜನ ಸುತ್ತುವರಿದಾಗ ಅವರು ಕಾರು ಹತ್ತಿ ಹೊರಟರು. ಕಾರಿಗಿಂತ ಮುಂಚೆ ವಾಟ್ಸಾಪ್ ಸಂದೇಶ ಮುರ್ಕಿ ಗ್ರಾಮ ತಲುಪಿತ್ತು. ಅಲ್ಲಿ ರಸ್ತೆಗೆ ಅಡ್ಡಗಟ್ಟಿದರು, ಕಾರು ಉರುಳಿತು, ಗುಂಪಿನ ಹೊಡೆತಕ್ಕೆ ಒಬ್ಬ ಸತ್ತ. ಕಾಪಾಡಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡಿಗೆ ಐದು ಚಾಟುಗಳ ಮಿತಿ ತರಲು ಮುಂದಾಯಿತು. 2012ರಲ್ಲಿ ಎಸ್ಸೆಮ್ಮೆಸ್ಸಿಗೆ ಹಾಕಿದ್ದೂ ಐದರ ಮಿತಿಯೇ, ಎಂಬುದು ನನಗೆ ಇಂದಿಗೂ ಸೋಜಿಗ.

"ನಿಜ ಇದ್ದರೂ ಇರಬಹುದು, ಎಚ್ಚರಿಕೆಗೆ ಇರಲಿ ಅಂತ ಕಳಿಸಿದೆ" ಎನ್ನುವವರಿಗೆ ಮುರ್ಕಿಯ ಕತೆ ಹೇಳಿ. ಅಂದು ಸಂದೇಶ ಮುಂದಕ್ಕೆ ಕಳಿಸಿದವರಲ್ಲೂ ಹಾಗೆಂದುಕೊಂಡವರು ಇದ್ದೇ ಇರುತ್ತಾರೆ.

ಹಂತ 5: ದನಿ ಮತ್ತು ಡೀಪ್‌ಫೇಕ್

2023ರ ನವೆಂಬರ್‌ನಲ್ಲಿ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಮಹಿಳೆಯ ವಿಡಿಯೊಗೆ ಅಂಟಿಸಿ ಹರಿಬಿಟ್ಟರು. ಕೃತಕ ಬುದ್ಧಿಮತ್ತೆಯಿಂದ (ಎಐ) ಹೀಗೆ ತಯಾರಿಸಿದ ನಕಲಿ ಮುಖ, ದನಿಗಳೇ ಡೀಪ್‌ಫೇಕ್. ಮರುತಿಂಗಳೇ ಇನ್ಫೊಸಿಸ್‌ನ ನಾರಾಯಣಮೂರ್ತಿ ಅವರು, ಟ್ರೇಡಿಂಗ್ ಆ್ಯಪ್‌ಗಳಿಗೆ ನಾನು ಬೆಂಬಲ ಕೊಟ್ಟಿಲ್ಲ, ಆ ವಿಡಿಯೊಗಳು ನಕಲಿ ಎಂದು ಸ್ಪಷ್ಟನೆ ನೀಡಬೇಕಾಯಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಹಳೆಯ ಗಾದೆ ಈಗ ಅಕ್ಷರಶಃ ನಿಜವಾಗಿದೆ.

ತುಟಿಚಲನೆ ನೋಡಿ, ಕಣ್ಣು ಮಿಟುಕಿಸುವುದನ್ನು ನೋಡಿ, ಬೆರಳು ಎಣಿಸಿ ಎಂಬ ಸಲಹೆಗಳನ್ನು ನಾನು ಹೆಚ್ಚು ನೆಚ್ಚುವುದಿಲ್ಲ. ತಂತ್ರಜ್ಞಾನ ಆ ತಪ್ಪುಗಳನ್ನು ಬೇಗ ಬೇಗ ತಿದ್ದಿಕೊಳ್ಳುತ್ತಿದೆ. ಅದರ ಬದಲು ಇಷ್ಟು ಕೇಳಿಕೊಳ್ಳಿ: ಆ ವ್ಯಕ್ತಿ ಈ ಮಾತನ್ನು ಯಾವ ವೇದಿಕೆಯಲ್ಲಿ, ಯಾವ ದಿನ ಆಡಿದರು? ಅದೇ ಸಭೆಯ ಬೇರೆ ಕ್ಯಾಮೆರಾದ ವಿಡಿಯೊ ಇದೆಯೇ? ಹೆಸರಾಂತ ವ್ಯಕ್ತಿಯೊಬ್ಬರು ದುಡ್ಡು ದುಪ್ಪಟ್ಟಾಗುತ್ತದೆ ಎಂದು ಫೇಸ್‌ಬುಕ್ ಜಾಹೀರಾತಿನಲ್ಲಿ ಹೇಳಿದರೆ ಪರೀಕ್ಷೆಯೇ ಬೇಡ, ಮುಚ್ಚಿಬಿಡಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇದಕ್ಕೆ ಇನ್ನೊಂದು ಮುಖವೂ ಇದೆ. ನಿಜವಾದ ವಿಡಿಯೊದಲ್ಲಿ ಸಿಕ್ಕಿಬಿದ್ದವರು "ಅದು ಎಐ ಸೃಷ್ಟಿ" ಎಂದು ಜಾರಿಕೊಳ್ಳುವುದನ್ನೂ ಕಲಿತಿದ್ದಾರೆ. ಡೀಪ್‌ಫೇಕ್ ಎನ್ನುವವರನ್ನೂ ಆಧಾರ ಕೇಳಿ.

ಹಂತ 6: ಪೇಪರ್ ಕಟಿಂಗ್, ಆದೇಶ, ಲಿಂಕ್

ಪತ್ರಿಕೆಯ ತುಣುಕಿನಂತೆ ಕಂಡದ್ದೆಲ್ಲ ಪತ್ರಿಕೆಯದಲ್ಲ. ಪ್ರತಿ ಪತ್ರಿಕೆಗೂ ತನ್ನದೇ ಅಕ್ಷರವಿನ್ಯಾಸ ಇರುತ್ತದೆ, ನಿತ್ಯ ಓದುವವರಿಗೆ ವ್ಯತ್ಯಾಸ ಥಟ್ಟನೆ ಹೊಳೆಯುತ್ತದೆ. ಇ-ಪೇಪರ್ ತೆರೆದು ಆ ದಿನದ ಪುಟ ನೋಡಿ. ಟಿವಿಯ ಬ್ರೇಕಿಂಗ್ ಪಟ್ಟಿಯ ಚಿತ್ರವಾದರೆ ಆ ವಾಹಿನಿಯ ಯೂಟ್ಯೂಬ್ ಚಾನೆಲ್ ನೋಡಿ.

ಸರ್ಕಾರಿ ಆದೇಶಕ್ಕೆ ಸಂಖ್ಯೆ, ದಿನಾಂಕ, ಸಹಿ ಮಾಡಿದವರ ಹುದ್ದೆ ಇರಲೇಬೇಕು. ಯೋಜನೆಯ ಲಿಂಕ್ ಬಂದರೆ ವಿಳಾಸದ ಬಾಲ ನೋಡಿ, ಅಂದರೆ ಮೊದಲ ಒಂಟಿ ಓರೆಗೀಟಿನ (/) ಹಿಂದಿನ ಕೊನೆಯ ಪದಗಳು. ರಾಜ್ಯ ಸರ್ಕಾರದ ತಾಣಗಳು ಸಾಮಾನ್ಯವಾಗಿ ಕರ್ನಾಟಕ ಡಾಟ್ ಗವ್ ಡಾಟ್ ಇನ್ ಎಂದು ಮುಗಿಯುತ್ತವೆ. ವಿಳಾಸದ ನಡುವೆ ಎಲ್ಲೋ ಗೃಹಲಕ್ಷ್ಮಿ ಎಂದಿದ್ದು ಬಾಲ ಬೇರೆಯಾಗಿದ್ದರೆ ಆಧಾರ್ ಸಂಖ್ಯೆ ಹಾಕಬೇಡಿ.

ಹಂತ 7: ಎಲ್ಲವೂ ನಿಜವಿದ್ದಾಗ

ಫ್ಯಾಕ್ಟ್‌ಚೆಕ್ ಇಲ್ಲಿ ಕೈಕೊಡುತ್ತದೆ. ಪ್ರಚಾರದಲ್ಲಿ ಒಂದೂ ಸುಳ್ಳಿಲ್ಲದಿರಬಹುದು. ನ್ಯೂಯಾರ್ಕ್‌ನಲ್ಲಿ 1937ರಲ್ಲಿ ಶುರುವಾದ ಪ್ರಚಾರ ವಿಶ್ಲೇಷಣಾ ಸಂಸ್ಥೆಯೊಂದು ಪ್ರಚಾರದ ಏಳು ತಂತ್ರಗಳನ್ನು ಪಟ್ಟಿ ಮಾಡಿತ್ತು. ರೇಡಿಯೊ ಕಾಲದ ಪಟ್ಟಿ ರೀಲ್ಸ್ ಕಾಲಕ್ಕೂ ಹೊಂದುತ್ತದೆ. ಏಳನ್ನೂ ಹೇಳುವುದಿಲ್ಲ, ನಮ್ಮಲ್ಲಿ ದಿನಾ ಕಾಣುವವು ಸಾಕು.

ಹಣೆಪಟ್ಟಿ ಹಚ್ಚುವುದು: ವಾದಕ್ಕೆ ಉತ್ತರ ಕೊಡದೆ ಆಡಿದವನನ್ನು ದ್ರೋಹಿ, ಗುಲಾಮ, ಏಜೆಂಟ್ ಎನ್ನುವುದು. ಮಿನುಗು ಮಾತು: ಸ್ವಾಭಿಮಾನ, ಅಭಿವೃದ್ಧಿ, ಜನಪರ. ಯಾರಿಗೂ ಬೇಡ ಎನ್ನಲಾಗದ, ಯಾರಿಗೂ ಅಳೆಯಲಾಗದ ಪದಗಳು. ಎರವಲು ಗೌರವ: ಹಸಿರು ಶಾಲು ಹೊದ್ದ ಕೂಡಲೇ ರೈತ ಚಳವಳಿಯ ದಶಕಗಳ ಹೋರಾಟ ಹೊದ್ದವರ ಹೆಗಲೇರುತ್ತದೆ. ಕೆಂಪು ಹಳದಿ ಶಾಲಿಗೂ ಇದೇ ಮಾತು. ಸಾಮಾನ್ಯನ ವೇಷ: ಚುನಾವಣೆ ಹತ್ತಿರವಾದಾಗ ಬೀದಿಬದಿಯ ಹೋಟೆಲಿನಲ್ಲಿ ಇಡ್ಲಿ ತಿನ್ನುವ ನಾಯಕ, ಪಕ್ಕದಲ್ಲಿ ನಾಲ್ಕು ಕ್ಯಾಮೆರಾ.

ಎಲ್ಲಕ್ಕಿಂತ ಜಾಣತನದ್ದು ಆಯ್ದು ಜೋಡಿಸುವುದು. ಒಂದು ಸಮುದಾಯದವರು ಮಾಡಿದ ಅಪರಾಧಗಳನ್ನು ಮಾತ್ರ ದಿನಕ್ಕೊಂದರಂತೆ ಹಾಕುವ ಪುಟ ಯೋಚಿಸಿ. ಪ್ರತಿ ಸುದ್ದಿಯೂ ಎಫ್‌ಐಆರ್ ಸಮೇತ ನಿಜ. ಆರು ತಿಂಗಳು ಓದಿದವನ ತಲೆಯಲ್ಲಿ ಮೂಡುವ ಚಿತ್ರ ಮಾತ್ರ ಸುಳ್ಳು. ಇಂಥ ಪುಟವನ್ನು ಸುದ್ದಿ ಸುದ್ದಿಯಾಗಿ ಪರೀಕ್ಷಿಸಿ ಪ್ರಯೋಜನವಿಲ್ಲ. ಅದರ ಹಿಂದಿನ ಐವತ್ತು ಪೋಸ್ಟ್‌ಗಳನ್ನು ಒಟ್ಟಿಗೆ ನೋಡಿ, ಏನು ಎಂದೂ ಬಂದಿಲ್ಲ ಎಂದು ಗಮನಿಸಿ. ಅಂಕಿಗಳಿಗೂ ಹೀಗೇ. ಒಂದಿದ್ದದ್ದು ಮೂರಾದರೆ ಶೇ 200ರಷ್ಟು ಏರಿಕೆ. ಎಷ್ಟರಿಂದ ಎಷ್ಟಕ್ಕೆ, ಯಾವ ವರ್ಷದಿಂದ ಎಂದು ಕೇಳಿದರೆ ಎಷ್ಟೋ ಗ್ರಾಫುಗಳು ಕುಸಿಯುತ್ತವೆ.

ನಿಮಗೆ ಇಷ್ಟವಾದ ಪಕ್ಷದ ಪುಟದಿಂದಲೇ ಈ ಅಭ್ಯಾಸ ಶುರು ಮಾಡಿ. ಬೇರೆಯವರದ್ದರಲ್ಲಿ ಮೋಸ ಹುಡುಕಲು ಯಾವ ತರಬೇತಿಯೂ ಬೇಕಿಲ್ಲ.

ಹಂತ 8: ಮನೆಯವರಿಗೆ ಹೇಳುವುದು

ಫ್ಯಾಮಿಲಿ ಗ್ರೂಪಿನಲ್ಲಿ ದೊಡ್ಡಪ್ಪ ಹಾಕಿದ್ದರ ಕೆಳಗೆ "ಫೇಕ್" ಎಂದು ಬರೆದರೆ ಸುಳ್ಳು ಸಾಯುವುದಿಲ್ಲ, ದೊಡ್ಡಪ್ಪನ ಮಾನ ಹೋಗುತ್ತದೆ. ಮಾನಕ್ಕೆ ಬಂದ ಮೇಲೆ ಅವರು ಆ ಸುಳ್ಳನ್ನು ಬಿಟ್ಟುಕೊಡುವುದಿಲ್ಲ. ಮೊದಲು ಅವರಿಗೊಬ್ಬರಿಗೇ ಹೇಳಿ. ಬರೆಯುವುದಕ್ಕಿಂತ ಫೋನ್ ಮಾಡುವುದು ಒಳ್ಳೆಯದು. ಹೀಗೆ:

"ದೊಡ್ಡಪ್ಪ, ಬೆಳಿಗ್ಗೆ ಹಾಕಿದ್ರಲ್ಲ ಆ ವಿಡಿಯೊ, ನೋಡಿ ನನಗೂ ಎದೆ ಧಸಕ್ಕಂತು. ಹುಡುಕಿ ನೋಡಿದೆ. ಅದು ಕರಾಚಿಯಲ್ಲಿ ಜಾಗೃತಿಗೆ ಅಂತ ಮಾಡಿದ್ದಂತೆ, ಕೊನೆ ಕತ್ತರಿಸಿಬಿಟ್ಟಿದ್ದಾರೆ. ಪೂರ್ತಿದು ಕಳಿಸಿದೀನಿ ನೋಡಿ. ನೀವೇ ಗ್ರೂಪಲ್ಲಿ ಒಂದು ಮಾತು ಹಾಕಿಬಿಡಿ, ನೀವು ಹೇಳಿದ್ರೆ ಎಲ್ರೂ ಕೇಳ್ತಾರೆ."

ಇದರಲ್ಲಿ ಮೂರು ಸಂಗತಿ ಇವೆ. ಭಯ ನನಗೂ ಆಯಿತು ಎಂದದ್ದರಿಂದ ಅವರು ಪೆದ್ದರಾಗಲಿಲ್ಲ. ಸುಳ್ಳೆನ್ನುವುದರ ಜೊತೆಗೆ ಅಸಲಿ ಏನು ಎಂದೂ ಹೇಳಿದ್ದೀರಿ. ಸುಳ್ಳು ತೆಗೆದ ಜಾಗ ಖಾಲಿ ಬಿಟ್ಟರೆ ಹಳೆಯದೇ ಮರಳಿ ಬಂದು ಕೂರುತ್ತದೆ. ತಿದ್ದುವ ಗೌರವವನ್ನೂ ಅವರಿಗೇ ಬಿಟ್ಟಿದ್ದೀರಿ.

ಗುಂಪಿಗೆ ನೀವೇ ಬರೆಯುವುದಾದರೆ ನಿಜವನ್ನು ಮೊದಲ ಸಾಲಿನಲ್ಲಿಡಿ. ಸುಳ್ಳನ್ನು ದಪ್ಪಕ್ಷರದಲ್ಲಿ ಮತ್ತೆ ಬರೆದು ಕೆಳಗೆ ಅಲ್ಲ ಎನ್ನಬೇಡಿ. ಮತ್ತೆ ಮತ್ತೆ ಕೇಳಿದ ಮಾತು ನಿಜವೆನಿಸತೊಡಗುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರು 1977ರಷ್ಟು ಹಿಂದೆಯೇ ಪ್ರಯೋಗದಲ್ಲಿ ತೋರಿಸಿದ್ದಾರೆ. "ಬೆಂಕಿ ಇಲ್ಲದೆ ಹೊಗೆ ಬರುತ್ತಾ?" ಎಂದು ಯಾರಾದರೂ ಕೇಳಿದರೆ, ಆ ಬೆಂಕಿ ಯಾವ ಊರಿನದು ಎಂದು ನಗುತ್ತಲೇ ಕೇಳಿ. ಎಲ್ಲ ಜಗಳ ಗೆಲ್ಲಬೇಕಿಲ್ಲ. ಬಿಸಿನೀರು ಕುಡಿದರೆ ಆಯಸ್ಸು ಹೆಚ್ಚುತ್ತದೆ ಎಂಬ ಫಾರ್ವರ್ಡನ್ನು ಬಿಟ್ಟುಬಿಡಿ. ಔಷಧಿ ನಿಲ್ಲಿಸಿ ಎನ್ನುವುದನ್ನು, ಯಾರದೋ ಮೇಲೆ ಜನರನ್ನು ಎತ್ತಿಕಟ್ಟುವುದನ್ನು ಮಾತ್ರ ಬಿಡಬೇಡಿ.

ಹಂತ 9: ಊರೇ ಕೆರಳಿರುವಾಗ

ಗಲಭೆ, ಗುಂಪು ದಾಳಿಯ ಸೂಚನೆ ಕಂಡರೆ ಪರಿಶೀಲನೆಗೆ ಕೂರಬೇಡಿ, 112ಕ್ಕೆ ಕರೆ ಮಾಡಿ. ಸುಳ್ಳೆಂದು ತೋರಿಸಲಿಕ್ಕಾದರೂ ಆ ವಿಡಿಯೊ ಮತ್ತೆ ಹಂಚಬೇಡಿ. ಪುರಾವೆಗೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು, ವಾಟ್ಸಾಪಿನಲ್ಲಿ ಸಂದೇಶವನ್ನು ಒತ್ತಿಹಿಡಿದು ರಿಪೋರ್ಟ್ ಮಾಡಿ. ಸಾರ್ವಜನಿಕರಲ್ಲಿ ಭೀತಿ ಹುಟ್ಟಿಸುವ, ದ್ವೇಷ ಬಿತ್ತುವ ಸುಳ್ಳು ಹರಡುವುದು ಭಾರತೀಯ ನ್ಯಾಯ ಸಂಹಿತೆಯ 353ನೇ ಸೆಕ್ಷನ್ ಅಡಿ ಅಪರಾಧ. "ಬಂದದ್ದನ್ನು ಬಂದಂತೆ ಕಳಿಸಿದೆ" ಎನ್ನುವುದರಿಂದ ಠಾಣೆಯ ಮೆಟ್ಟಿಲು ತಪ್ಪುತ್ತದೆ ಎಂದುಕೊಳ್ಳಬೇಡಿ.

ಫೋನಿನಲ್ಲಿ ಇವತ್ತೇ ಬದಲಿಸಬಹುದಾದದ್ದು

ವಾಟ್ಸಾಪ್ ಸೆಟ್ಟಿಂಗ್ಸ್‌ನ ಪ್ರೈವಸಿಯಲ್ಲಿ ಗ್ರೂಪ್ಸ್ ಎಂಬಲ್ಲಿ ಹೋಗಿ, ಪರಿಚಯದವರು ಮಾತ್ರ ನಿಮ್ಮನ್ನು ಗುಂಪಿಗೆ ಸೇರಿಸುವಂತೆ ಮಾಡಿ. ಚುನಾವಣೆಯ ಹೊತ್ತಿಗೆ ಹೆಸರೇ ಕೇಳದ ಹತ್ತು ಗುಂಪುಗಳಲ್ಲಿ ನೀವು ಕಾಣಿಸಿಕೊಳ್ಳುವುದು ನಿಲ್ಲುತ್ತದೆ. ಸ್ಟೋರೇಜ್ ಆ್ಯಂಡ್ ಡೇಟಾದಲ್ಲಿ ವಿಡಿಯೊ ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ, ಆಗ ನೋಡುವ ಮೊದಲು ಒಮ್ಮೆಯಾದರೂ ಒತ್ತಬೇಕಾಗುತ್ತದೆ. ನೀವು ಅಡ್ಮಿನ್ ಆಗಿದ್ದರೆ, ಊರಿನಲ್ಲಿ ಏನಾದರೂ ಗದ್ದಲವಾದ ದಿನ ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸುವಂತೆ ಗುಂಪನ್ನು ಬೀಗ ಹಾಕಿಡಿ. ಮರುದಿನ ತೆರೆದರಾಯಿತು. ಬೈಯುವವರು ಬೈಯುತ್ತಾರೆ, ಬೈಯಲಿ.